ಸಣ್ಣ ಸುಟ್ಟಗಾಯಕ್ಕೆ ದೊಡ್ಡ ಔಷಧಿ ಯಾಕೆ?

ಹತ್ತಿಯ ಕಾಯಿಕೊರಕ ಹುಳುವಿಗೆ ಔಷಧಿ ನಾಟದಂತೆ ಆಗಿದ್ದು ನಮಗೆಲ್ಲ ಗೊತ್ತು. ಹಾಗೆಯೇ ನಮ್ಮ ಮೈಮೇಲಿನ ಗಾಯಕ್ಕೆ ಸೇರುವ ಬ್ಯಾಕ್ಟೀರಿಯಾಕ್ಕೂ ಔಷಧಿ ನಾಟದ ಕಾಲ ಬಂದಿದೆ. ಇದನ್ನು ಕೃಷಿ ಪತ್ರಿಕೆಯಲ್ಲಿ ಬರೆಯೋದು ಯಾಕೆ ಅಂತ ಕೆಲವರು ಕೇಳಬಹುದು. ಸುಟ್ಟಗಾಯ ನಮ್ಮ ಮನೆಗಳಲ್ಲಿ ಇದ್ದದ್ದೇ. ರೊಟ್ಟಿ ಹಂಚು, ಕುದಿಯುವ ಅಂಬಲಿ, ಎಂಜಿನ್ನಿನ ಹೊಗೆಕೊಳವೆ, ಟ್ರಾಕ್ಟರಿನ ಸೈಲೆನ್ಸರ್, ಬದುವಿನ ಕಸಕ್ಕೆ ಹಚ್ಚಿದ ಬೆಂಕಿ, ಇವುಗಳಲ್ಲಿ ಒಂದಾದರೂ ವರ್ಷಕ್ಕೊಮ್ಮೆ ಮನೆಯ ಯಾರನ್ನಾದರೂ ಸುಡುತ್ತದೆ. ಇನ್ನು ಔಷಧಿಗೆ ಜಗ್ಗದ ಜೀವಿ ಹೇಗೆ ಹುಟ್ಟುತ್ತದೆ ಅನ್ನೋದು, ಪೇಟೆಯಲ್ಲಿ ಹೆಚ್ಚು ಓದಿದವರಿಗಿಂತ ಕೈಪಂಪು ಹೊತ್ತವನಿಗೆ ಬೇಗ ತಿಳಿಯುತ್ತದೆ.

ನಾನು ಏಳನೇ ಇಯತ್ತೆವರೆಗೆ ಓದಿದವನು. ಎರಿ ಭೂಮಿಯಲ್ಲಿ ಜೋಳ, ಕಡಲೆ, ಹೆಸರು, ಹತ್ತಿ ಬೆಳೆಯುವವನು, ವೈದ್ಯನಲ್ಲ. ನನ್ನ ತಮ್ಮನ ಮಗಳು ನರ್ಸ್ ಕೆಲಸದಲ್ಲಿದ್ದಾಳೆ. ಅವಳು ಊರಿಗೆ ಬಂದಾಗಲೆಲ್ಲ ಕೇಳಿ ಕೇಳಿ ಬರೆದಿಟ್ಟುಕೊಂಡದ್ದನ್ನು ಪರಿಚಯದ ವೈದ್ಯರೊಬ್ಬರು ಓದಿ ತಿದ್ದಿಕೊಟ್ಟಿದ್ದಾರೆ. ಹೋಲಿಕೆಗಳು ಮಾತ್ರ ನನ್ನವು.

ಸುಟ್ಟ ಜಾಗದಲ್ಲಿ ಏನಾಗುತ್ತದೆ?

ಚರ್ಮ ನಮ್ಮ ಹೊಲದ ಬದುವಿದ್ದ ಹಾಗೆ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನದು ಒಳಗೆ ನುಗ್ಗದಂತೆ ತಡೆಯುತ್ತದೆ. ಬರೀ ಕೆಂಪಾಗಿ ಉರಿದರೆ ಮೇಲಿನ ಪದರ ಮಾತ್ರ ಸುಟ್ಟಿದೆ ಅಂತ ತಿಳಿಯಬೇಕು. ಬೊಬ್ಬೆ ಎದ್ದರೆ ಅದರ ಕೆಳಗಿನ ಪದರಕ್ಕೂ ತಟ್ಟಿದೆ. ಬೆಳ್ಳಗೋ ಕರ್ರಗೋ ಆಗಿ, ಒಣಗಿದ ತೊಗಲಿನಂತೆ ಗಟ್ಟಿಯಾಗಿ, ಮುಟ್ಟಿದರೆ ನೋವೇ ಗೊತ್ತಾಗದಿದ್ದರೆ ಪೂರ್ತಿ ಆಳಕ್ಕೆ ಇಳಿದಿದೆ. "ನೋವಿಲ್ಲ ಬಿಡ್ರಿ" ಅಂತ ಸಮಾಧಾನ ಪಡುವಂತಿಲ್ಲ. ನೋವು ತಿಳಿಸುವ ನರವೇ ಅಲ್ಲಿ ಸುಟ್ಟುಹೋಗಿರುತ್ತದೆ.

ಆಗಷ್ಟೇ ಸುಟ್ಟ ಗಾಯದಲ್ಲಿ ಬ್ಯಾಕ್ಟೀರಿಯಾ ತೀರಾ ಕಡಿಮೆ. ಶಾಖ ಚರ್ಮದ ಜೊತೆಗೆ ಅವನ್ನೂ ಸುಟ್ಟಿರುತ್ತದೆ. ಕೂದಲಿನ ಬುಡದಲ್ಲಿ, ಬೆವರಿನ ಗ್ರಂಥಿಯ ಆಳದಲ್ಲಿ ಅಡಗಿದ್ದವು ಮಾತ್ರ ಉಳಿದು ಎರಡು ದಿನದೊಳಗೆ ಮೇಲೆ ಬರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಸ್ಟೆಫೈಲೊಕಾಕಸ್. ಇದೇನು ಹೊರಗಿನ ಶತ್ರುವಲ್ಲ, ಆರೋಗ್ಯವಾಗಿರುವ ಎಷ್ಟೋ ಜನರ ಮೂಗಿನಲ್ಲಿ ಸುಮ್ಮನೆ ಇರುತ್ತದೆ. ವಾರ ಕಳೆಯುವ ಹೊತ್ತಿಗೆ ನೀರಿನಿಂದ, ಕೈಯಿಂದ, ಹೊಟ್ಟೆಯಿಂದ ಬರುವ ಬೇರೆ ಜಾತಿಯವು ಸೇರಿಕೊಳ್ಳುತ್ತವೆ. ಸ್ಯೂಡೊಮೊನಾಸ್ ಅನ್ನೋದು ಅವುಗಳ ಪೈಕಿ ಹಠಮಾರಿ.

ಗಾಯದ ಮೇಲೆ ಬ್ಯಾಕ್ಟೀರಿಯಾ ಇರೋದೇ ಬೇರೆ, ಗಾಯಕ್ಕೆ ನಂಜು ಏರೋದೇ ಬೇರೆ. ಇದು ನಮಗೆ ಹೊಸ ಮಾತಲ್ಲ. ತೊಗರಿಯಲ್ಲಿ ನಾಲ್ಕು ಹುಳು ಕಂಡವು ಅಂತ ಪಂಪು ಹೊರಬೇಡಿ, ಗಿಡಕ್ಕೆ ಎಷ್ಟು ಹುಳು ಅಂತ ಎಣಿಸಿ, ನಷ್ಟದ ಮಟ್ಟ ದಾಟಿದರೆ ಮಾತ್ರ ಹೊಡೆಯಿರಿ ಅಂತ ಕೃಷಿ ವಿಶ್ವವಿದ್ಯಾಲಯದವರು ಹೇಳುತ್ತಲೇ ಬಂದಿದ್ದಾರೆ. ಗಾಯದ ವಿಷಯದಲ್ಲೂ ಅಷ್ಟೆ. ನಾಲ್ಕು ಬ್ಯಾಕ್ಟೀರಿಯಾವನ್ನು ನಮ್ಮ ರಕ್ತವೇ ನೋಡಿಕೊಳ್ಳುತ್ತದೆ. ಸಣ್ಣ ಸುಟ್ಟಗಾಯಗಳಲ್ಲಿ ಹೆಚ್ಚಿನವು ನಂಜಾಗದೆ ತಾವೇ ಮಾಯುತ್ತವೆ.

ಇನ್ನೊಂದು ಗೊಂದಲವಿದೆ. ಮೊದಲ ಒಂದೆರಡು ದಿನ ಗಾಯದ ಅಂಚು ಕೆಂಪಾಗಿ ಊದಿಕೊಳ್ಳೋದು ಸಹಜ. ಬೊಬ್ಬೆ ಒಡೆದ ಮೇಲೆ ತೆಳ್ಳಗೆ ಹಳದಿ ಪದರ ಕಟ್ಟೋದೂ ಸಹಜ. ಜನ ಇದನ್ನು ಕೀವು ಅಂತ ತಿಳಿದು ಮೆಡಿಕಲ್ ಅಂಗಡಿಗೆ ಓಡುತ್ತಾರೆ.

ಹುಳು ಕಲಿಸಿದ ಪಾಠ

ಪೈರೆಥ್ರಾಯ್ಡ್ ಜಾತಿಯ ಔಷಧಿಗಳು ನಮ್ಮ ದೇಶದ ಹತ್ತಿಗೆ ಬಂದದ್ದು 1980ರ ಸುಮಾರಿಗೆ. ಮೊದಮೊದಲು ಒಂದೇ ಹೊಡೆತಕ್ಕೆ ಹುಳು ಉದುರುತ್ತಿತ್ತು. 1987ರ ಹಂಗಾಮಿನಲ್ಲಿ ಆಂಧ್ರದ ಗುಂಟೂರು, ಪ್ರಕಾಶಂ ಕಡೆ ಎಷ್ಟು ಹೊಡೆದರೂ ಕಾಯಿಕೊರಕ ಸಾಯದಾಯಿತು. ಆಮೇಲೆ 2002ರಲ್ಲಿ ಬಿಟಿ ಹತ್ತಿ ಬಂತು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಅದನ್ನೂ ತಿಂದು ಅರಗಿಸಿಕೊಂಡದ್ದು ಬಯಲಾಯಿತು. ಎರಡು ಗುಣ ಸೇರಿಸಿದ ಬಿಟಿಯೂ ಮುಂದಿನ ಕೆಲವೇ ವರ್ಷಗಳಲ್ಲಿ ಗುಲಾಬಿ ಹುಳುವಿಗೆ ಸೋತಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಔಷಧಿ ಹುಳುವಿಗೆ ಶಕ್ತಿ ಕೊಡಲಿಲ್ಲ. ರಾಶಿ ಹುಳುವಿನಲ್ಲಿ ಎಲ್ಲೋ ನಾಲ್ಕು ಮೊದಲಿಂದಲೂ ಗಟ್ಟಿಯಾಗಿದ್ದವು. ಔಷಧಿ ಸೌಮ್ಯವಾದವನ್ನೆಲ್ಲ ಕೊಂದು ಆ ನಾಲ್ಕಕ್ಕೆ ಹೊಲ ಖಾಲಿ ಮಾಡಿಕೊಟ್ಟಿತು. ನಾವು ಬೀಜಕ್ಕೆ ಒಳ್ಳೆಯ ತೆನೆ ಆರಿಸಿ ಇಡುತ್ತೇವಲ್ಲ, ಹಾಗೆ ಔಷಧಿಯೇ ಗಟ್ಟಿ ಹುಳುವನ್ನು ಬೀಜಕ್ಕೆ ಆರಿಸಿ ಇಟ್ಟಿತು.

ಬ್ಯಾಕ್ಟೀರಿಯಾದಲ್ಲೂ ನಡೆಯೋದು ಇದೇ. ಕೆನಡಾದ ಯುಕಾನ್ ಪ್ರಾಂತದಲ್ಲಿ ಮೂವತ್ತು ಸಾವಿರ ವರ್ಷದಿಂದ ಹೆಪ್ಪುಗಟ್ಟಿದ ಮಣ್ಣನ್ನು ಪರೀಕ್ಷಿಸಿದಾಗ, ಅದರಲ್ಲಿದ್ದ ಬ್ಯಾಕ್ಟೀರಿಯಾಗಳಲ್ಲಿ ಇಂದಿನ ಆಂಟಿಬಯೋಟಿಕ್‌ಗಳನ್ನು ತಡೆಯುವ ಗುಣ ಆಗಲೇ ಇತ್ತು ಅಂತ 2011ರಲ್ಲಿ ವಿಜ್ಞಾನಿಗಳು ತಿಳಿಸಿದರು. ಇದರಲ್ಲಿ ಆಶ್ಚರ್ಯವಿಲ್ಲ. ಆಂಟಿಬಯೋಟಿಕ್‌ಗಳಲ್ಲಿ ಎಷ್ಟೋ ಮಣ್ಣಿನಿಂದಲೇ ಬಂದವು. ಮೊದಲ ಮಳೆಗೆ ಎರಿ ಹೊಲದಿಂದ ಏಳುವ ವಾಸನೆ ಇದೆಯಲ್ಲ, ಅದನ್ನು ಹುಟ್ಟಿಸುವ ಸ್ಟ್ರೆಪ್ಟೊಮೈಸಿಸ್ ಕುಲದ ಜೀವಿಗಳಿಂದಲೇ ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ 1943ರಲ್ಲಿ ಸ್ಟ್ರೆಪ್ಟೊಮೈಸಿನ್, 1949ರಲ್ಲಿ ನಿಯೊಮೈಸಿನ್ ಸಿಕ್ಕವು. ಮಣ್ಣಿನಲ್ಲಿ ಒಂದು ಜೀವಿ ವಿಷ ಮಾಡಿದರೆ ಪಕ್ಕದ್ದು ಅದಕ್ಕೆ ತಡೆ ಮಾಡಿಕೊಳ್ಳುತ್ತ ಬಂದಿದೆ. ಬ್ಯಾಕ್ಟೀರಿಯಾ ಔಷಧಿಯನ್ನು ಕತ್ತರಿಸುವ ಕಿಣ್ವ ತಯಾರಿಸಬಹುದು. ಒಳಗೆ ಬಂದ ಔಷಧಿಯನ್ನು ಪಂಪಿನಂತೆ ಹೊರಗೆ ಎಸೆಯಬಹುದು. ಔಷಧಿ ಬಂದು ಕೂರುವ ಜಾಗವನ್ನೇ ಬದಲಾಯಿಸಬಹುದು.

ಆದರೆ ಹುಳುವಿಗಿಂತ ಬ್ಯಾಕ್ಟೀರಿಯಾ ಎರಡು ಕಾರಣಕ್ಕೆ ಅಪಾಯ. ಕಾಯಿಕೊರಕಕ್ಕೆ ಒಂದು ತಲೆಮಾರು ಅಂದರೆ ಹೆಚ್ಚುಕಡಿಮೆ ಒಂದು ತಿಂಗಳು. ಅನುಕೂಲ ಸಿಕ್ಕರೆ ಬ್ಯಾಕ್ಟೀರಿಯಾ ಅರ್ಧ ತಾಸಿಗೊಮ್ಮೆ ಎರಡಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಹತ್ತು ತಾಸು ಲೆಕ್ಕ ಹಾಕಿ ನೋಡಿ, ಹತ್ತು ಲಕ್ಷ ದಾಟುತ್ತದೆ. ಎರಡನೆಯದು, ಹುಳು ತನ್ನ ಗಟ್ಟಿ ಗುಣವನ್ನು ತನ್ನ ಮರಿಗಳಿಗೆ ಮಾತ್ರ ಕೊಡುತ್ತದೆ. ಬ್ಯಾಕ್ಟೀರಿಯಾ ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಜೋಳದ ಗುಣ ಹೊಲದಲ್ಲಿ ನಿಂತಂತೆಯೇ ಕಡಲೆಗೆ ಹೋದ ಹಾಗೆ!

ಈ ಎಚ್ಚರಿಕೆ ಹಳೆಯದೇ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಸ್ಕಾಟ್ಲೆಂಡಿನ ರೈತನ ಮಗ. 1945ರಲ್ಲಿ ನೊಬೆಲ್ ಬಹುಮಾನ ಪಡೆದಾಗ ಮಾಡಿದ ಭಾಷಣದಲ್ಲಿ, ಪೆನ್ಸಿಲಿನ್ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವಂತಾದರೆ ಜನ ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡು ಬ್ಯಾಕ್ಟೀರಿಯಾವನ್ನು ಗಟ್ಟಿ ಮಾಡಿಬಿಟ್ಟಾರು ಅಂತ ಅವರು ಹೇಳಿದ್ದರು. ಗಂಟಲು ನೋವಿಗೆ ಒಬ್ಬಾತ ಅರೆಬರೆ ಪೆನ್ಸಿಲಿನ್ ತೆಗೆದುಕೊಳ್ಳುತ್ತಾನೆ, ಅವನಿಂದ ಗಟ್ಟಿ ಬ್ಯಾಕ್ಟೀರಿಯಾ ಹೆಂಡತಿಗೆ ದಾಟುತ್ತದೆ, ಆಕೆಗೆ ಔಷಧಿ ನಾಟದೆ ಸಾಯುತ್ತಾಳೆ ಅಂತ ಒಂದು ಕಥೆಯನ್ನೂ ಕಟ್ಟಿ ಹೇಳಿದರು. ಪೆನ್ಸಿಲಿನ್‌ಗೆ ಸ್ಟೆಫೈಲೊಕಾಕಸ್ ಜಗ್ಗದಾದಾಗ 1959ರಲ್ಲಿ ಮೆಥಿಸಿಲಿನ್ ತಂದರು. 1961ರಲ್ಲೇ ಬ್ರಿಟನ್ನಿನಲ್ಲಿ ಅದಕ್ಕೂ ಜಗ್ಗದ ತಳಿ ಸಿಕ್ಕಿತು. ನಮ್ಮ ಹತ್ತಿಯ ಚರಿತ್ರೆಯನ್ನೇ ಓದಿದಂತಾಗುತ್ತದೆ.

ಟ್ಯೂಬಿನ ಲೆಕ್ಕ: ನ್ಯೂಜಿಲೆಂಡಿನ ಅನುಭವ

"ಮಾತ್ರೆ, ಇಂಜೆಕ್ಷನ್ನು ಸರಿ ಮಾರಾಯಾ. ಮ್ಯಾಲ ಹಚ್ಚೂ ಮುಲಾಮಿನಿಂದ ಏನ್ ಆಗತೈತಿ?" ಅಂತ ನಮ್ಮೂರಿನ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ನ್ಯೂಜಿಲೆಂಡಿನಲ್ಲಿದೆ. ಕುರಿ, ಹೈನಿನ ದೇಶ ಅಂತ ನಮ್ಮ ಓದುಗರಿಗೆ ಅದರ ಪರಿಚಯವಿದೆ. ಅಲ್ಲಿ ಮುಪಿರೋಸಿನ್ ಅನ್ನುವ ಗಾಯದ ಮುಲಾಮನ್ನು 1991ರಿಂದ 2000ದವರೆಗೆ ವೈದ್ಯರ ಚೀಟಿ ಇಲ್ಲದೆ ಮಾರುತ್ತಿದ್ದರು. ಜನ ತರಚಿದ್ದಕ್ಕೂ ಕೆರೆದದ್ದಕ್ಕೂ ಹಚ್ಚಿದರು. 1999ರಲ್ಲಿ ಪರೀಕ್ಷೆಗೆ ಬಂದ ಸ್ಟೆಫೈಲೊಕಾಕಸ್‌ನಲ್ಲಿ ನೂರಕ್ಕೆ 28 ಈ ಔಷಧಿಗೆ ಜಗ್ಗದವಾಗಿದ್ದವು. 2000ದಲ್ಲಿ ಚೀಟಿ ಕಡ್ಡಾಯವಾಯಿತು. 2013ರ ಹೊತ್ತಿಗೆ ಅದು ನೂರಕ್ಕೆ 11ಕ್ಕೆ ಇಳಿಯಿತು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಪಿರೋಸಿನ್ ಬಿಟ್ಟ ಮೇಲೆ ಫ್ಯುಸಿಡಿಕ್ ಆಸಿಡ್ ಮುಲಾಮಿನ ಬಳಕೆ ಏರಿತು. ಅದಕ್ಕೆ ಜಗ್ಗದ ಸ್ಟೆಫೈಲೊಕಾಕಸ್ 1999ರಲ್ಲಿ ನೂರಕ್ಕೆ 17 ಇದ್ದದ್ದು 2013ಕ್ಕೆ 29 ಆಯಿತು. ಒಂದು ಔಷಧಿಯ ಡಬ್ಬಿ ಬಿಟ್ಟು ಇನ್ನೊಂದರ ಡಬ್ಬಿ ಹಿಡಿದ ಹತ್ತಿ ಬೆಳೆಗಾರನ ಕಥೆಯೇ ಇದೂ. ಆದರೆ ಈ ಅಂಕಿಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು 28ರಿಂದ 11ಕ್ಕೆ ಇಳಿದದ್ದು. ಬಳಸೋದು ಕಡಿಮೆಯಾದರೆ ಸೌಮ್ಯ ಬ್ಯಾಕ್ಟೀರಿಯಾ ತಮ್ಮ ಜಾಗ ಮತ್ತೆ ಹಿಡಿಯಬಲ್ಲವು. ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಚೀಲ ಬರುತ್ತಿತ್ತಲ್ಲ, ಹೊಲದ ಸುತ್ತ ಆಸರೆ ಬೆಳೆಯಾಗಿ ಹಾಕಲಿಕ್ಕೆ? ಸೌಮ್ಯ ಹುಳು ಉಳಿಯಲಿ ಅನ್ನೋದೇ ಅದರ ಉದ್ದೇಶ. ಎಷ್ಟೋ ಮಂದಿ ಅದನ್ನು ಬದುವಿಗೆ ಎಸೆದರು. ನಮ್ಮ ಚರ್ಮದ ಮೇಲಿನ ಸಾಧಾರಣ ಬ್ಯಾಕ್ಟೀರಿಯಾವೂ ಅಂಥದ್ದೇ ಆಸರೆ. ಜಾಗ ಹಿಡಿದು ಕೂತು ಪುಂಡರಿಗೆ ಬರಗೊಡೋದಿಲ್ಲ. ಕಾರಣವಿಲ್ಲದೆ ಹಚ್ಚಿದ ಮುಲಾಮು ಮೊದಲು ಕೊಲ್ಲೋದು ಇವನ್ನೇ.

ನಮ್ಮ ಕಡೆ ಗೋಡೆಯ ಮಾಡದಲ್ಲಿ ಸಿಗುವ ಟ್ಯೂಬುಗಳನ್ನು ಒಮ್ಮೆ ಕೆಳಗಿಳಿಸಿ ಓದಿ. ಫ್ರಾಮೈಸೆಟಿನ್, ನಿಯೊಮೈಸಿನ್, ಮುಪಿರೋಸಿನ್, ಫ್ಯುಸಿಡಿಕ್ ಆಸಿಡ್ ಅಂತ ಬರೆದಿದ್ದರೆ ಅವೆಲ್ಲ ಆಂಟಿಬಯೋಟಿಕ್. ಫ್ರಾಮೈಸೆಟಿನ್, ನಿಯೊಮೈಸಿನ್ ಎರಡೂ ಒಂದೇ ಮನೆತನದವು, ಕೆಲವರಿಗೆ ಇವು ಒಗ್ಗೋದಿಲ್ಲ. ಹಚ್ಚಿದಲ್ಲಿ ತುರಿಕೆ, ಕೆಂಪು, ನೀರು ಜಿನುಗೋದು ಶುರುವಾಗುತ್ತದೆ. ಗಾಯ ಕೆಟ್ಟಿತು ಅಂತ ಮತ್ತಷ್ಟು ಹಚ್ಚುತ್ತಾರೆ!

ಕ್ಲೊಬೆಟಾಸಾಲ್, ಬೀಟಾಮೆಥಾಸೋನ್ ಅಂತ ಇದ್ದರೆ ಅದು ಸ್ಟಿರಾಯ್ಡ್. ಅದು ಕೆಂಪನ್ನು ಮುಚ್ಚಿಡುತ್ತದೆ, ಮಾಯೋದನ್ನು ತಡಮಾಡುತ್ತದೆ. ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಅಂಗಡಿಯಲ್ಲಿ ಏನು ನಡೆಯುತ್ತದೆ ಅನ್ನೋದು ನಿಮಗೇ ಗೊತ್ತು.

ಇನ್ನು ಸುಟ್ಟಗಾಯದ ಬಿಳಿ ಮುಲಾಮು ಅಂತಲೇ ಹೆಸರಾದ ಸಿಲ್ವರ್ ಸಲ್ಫಾಡಯಜಿನ್. 1968ರಲ್ಲಿ ಬಂದ ಇದು ದೊಡ್ಡ ಸುಟ್ಟಗಾಯಗಳಲ್ಲಿ ಎಷ್ಟೋ ಜೀವ ಉಳಿಸಿದ ಔಷಧಿ. ಅದನ್ನು ಹಳಿಯುವಂತಿಲ್ಲ. ಆದರೆ ಹಲವು ದೇಶಗಳ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ವರದಿಗಳ ಪ್ರಕಾರ, ಮೇಲುಮೇಲಿನ ಸುಟ್ಟಗಾಯಗಳಲ್ಲಿ ಇದು ಬೇರೆ ಪಟ್ಟಿಗಳಿಗಿಂತ ಮಾಯೋದನ್ನು ನಿಧಾನ ಮಾಡಿದ್ದೇ ಹೆಚ್ಚು. ನಂಜು ಕಡಿಮೆ ಮಾಡಿದ್ದಕ್ಕೂ ಆಧಾರ ಸಿಗಲಿಲ್ಲ. ಅಲ್ಲದೆ ಇದು ಗಾಯದ ಮೇಲೆ ಬಿಳಿ ಹಳದಿ ಕೆನೆ ಕಟ್ಟುತ್ತದೆ. ಆಮೇಲೆ ಗಾಯದ ಆಳ ಎಷ್ಟು ಅಂತ ವೈದ್ಯರಿಗೂ ತಿಳಿಯೋದು ಕಷ್ಟ. ಎರಡು ತಿಂಗಳೊಳಗಿನ ಕೂಸಿಗೆ, ದಿನ ತುಂಬಿದ ಬಸುರಿಗೆ, ಸಲ್ಫಾ ಒಗ್ಗದವರಿಗೆ ಇದನ್ನು ಹಚ್ಚಲೇಬಾರದು.

ಮಾತ್ರೆಯ ವಿಷಯಕ್ಕೆ ಬಂದರೆ, ಹೊಸದಾಗಿ ಸುಟ್ಟವರಿಗೆ ಮುಂಜಾಗ್ರತೆ ಅಂತ ಆಂಟಿಬಯೋಟಿಕ್ ಮಾತ್ರೆ, ಇಂಜೆಕ್ಷನ್ ಕೊಡಬೇಡಿ ಅಂತ ಸುಟ್ಟಗಾಯದ ತಜ್ಞರ ಅಂತರರಾಷ್ಟ್ರೀಯ ಸಂಘ 2016ರಲ್ಲೇ ಹೇಳಿದೆ. ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಗಾಯದ ಮೇಲೆ ಉದುರಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದನ್ನಂತೂ ಬಿಡಲೇಬೇಕು.

ಒಂದು ಕಾಲಿನ ಕಥೆ

ನನ್ನ ಚಿಕ್ಕಪ್ಪನ ಮಗನಿಗೆ ಎರಡು ವರ್ಷದ ಹಿಂದೆ ಏಪ್ರಿಲ್ ಕೊನೆಗೆ ಟ್ರಾಕ್ಟರಿನ ಸೈಲೆನ್ಸರ್ ಮೀನಖಂಡಕ್ಕೆ ತಗುಲಿತು. ಗಾಯ ಅಂಗೈಯ ಅರ್ಧದಷ್ಟಿತ್ತು. ಮಧ್ಯದಲ್ಲಿ ಬೆಳ್ಳಗಿತ್ತು, ಅಲ್ಲಿ ನೋವಿರಲಿಲ್ಲ. ಪೇಟೆಯ ಮೆಡಿಕಲ್ ಅಂಗಡಿಯಿಂದ ಒಂದು ಟ್ಯೂಬು ತಂದ. ವಾರ ಬಿಟ್ಟು ಇನ್ನೊಂದು. ಆಮೇಲೆ ಯಾರೋ ಹೇಳಿದರು ಅಂತ ಕ್ಯಾಪ್ಸೂಲ್ ಪುಡಿ. ಕೊನೆಗೆ ಸ್ಟಿರಾಯ್ಡ್ ಬೆರೆತ ಮುಲಾಮು. ನಾಲ್ಕನೇ ವಾರ ಪಟ್ಟಿ ಹಸಿರಾಯಿತು. ಹಣ್ಣು ಕೊಳೆತಂಥ ಸಿಹಿ ವಾಸನೆ. ಜ್ವರ ಬಂತು. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿ ಕಲ್ಚರ್ ಪರೀಕ್ಷೆ ಮಾಡಿಸಿದರು. ಇದನ್ನು ಎಲ್ಲರೂ ತಿಳಿದಿರಬೇಕು. ಗಾಯದ ರಸವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು, ಪೋಷಕಾಂಶ ಇರುವ ತಟ್ಟೆಯ ಮೇಲೆ ಬಿತ್ತುತ್ತಾರೆ. ಬಿತ್ತುತ್ತಾರೆ ಅನ್ನೋದೇ ಸರಿಯಾದ ಮಾತು. ಮೇಲೆ ಬೇರೆ ಬೇರೆ ಆಂಟಿಬಯೋಟಿಕ್ ಅದ್ದಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದು ತಟ್ಟೆ ಮಬ್ಬಾಗುತ್ತದೆ. ಯಾವ ಬಿಲ್ಲೆಯ ಸುತ್ತ ಅಗಲವಾದ ತಿಳಿ ವರ್ತುಲ ಉಳಿಯುತ್ತದೋ ಆ ಔಷಧಿ ನಾಟುತ್ತದೆ. ವರದಿ ಬರಲಿಕ್ಕೆ ಎರಡು ಮೂರು ದಿನ ಬೇಕು. ಅದರಲ್ಲಿ ಔಷಧಿಯ ಹೆಸರಿನ ಮುಂದೆ 'ಎಸ್' ಅಂತ ಇದ್ದರೆ ನಾಟುತ್ತದೆ, 'ಆರ್' ಅಂತ ಇದ್ದರೆ ನಾಟೋದಿಲ್ಲ. ಅವನ ವರದಿಯಲ್ಲಿ ಹನ್ನೊಂದು ಔಷಧಿಯ ಹೆಸರಿತ್ತು. ಎಂಟರ ಮುಂದೆ 'ಆರ್'. ಬ್ಯಾಕ್ಟೀರಿಯಾ ಸ್ಯೂಡೊಮೊನಾಸ್.

ನಾನು ವೈದ್ಯರನ್ನು ಕೇಳಿದೆ: "ಇದನ್ನ ಆ ಮುಲಾಮುಗಳೇ ಮಾಡಿದ್ವೇನ್ರಿ ಸಾಹೇಬ್ರ?" ಅವರು ನೇರವಾಗಿ ಹೌದು ಅನ್ನಲಿಲ್ಲ. ಸ್ಯೂಡೊಮೊನಾಸ್ ಹುಟ್ಟಿನಿಂದಲೇ ಅನೇಕ ಔಷಧಿಗಳಿಗೆ ಜಗ್ಗದ ಜಾತಿ. ಎಲ್ಲಿಂದ ಬಂತು ಅಂತ ಈಗ ಹೇಳಲಾಗೋದಿಲ್ಲ. ಆದರೆ ಅದರ ಜೊತೆ ಜಾಗಕ್ಕೆ ಜಗಳ ಮಾಡುವ ಉಳಿದವನ್ನು ಮುಲಾಮು ತೆಗೆದುಹಾಕಿತು, ಸ್ಟಿರಾಯ್ಡ್ ಕೆಂಪನ್ನು ಮುಚ್ಚಿಟ್ಟಿತು, ಎಲ್ಲಕ್ಕಿಂತ ಹೆಚ್ಚಾಗಿ ನಾಲ್ಕು ವಾರ ಕಳೆದುಹೋಯಿತು ಅಂದರು. ಆ ಗಾಯ ಸಣ್ಣದಾಗಿ ಕಂಡರೂ ಆಳದ್ದಾಗಿತ್ತು. ಅದಕ್ಕೆ ಮೊದಲ ದಿನ ಬೇಕಾಗಿದ್ದದ್ದು ಮುಲಾಮಲ್ಲ, ನೋಡಿ ಬಲ್ಲವರ ಕಣ್ಣು.

ಹತ್ತು ದಿನ ರಕ್ತನಾಳಕ್ಕೆ ಔಷಧಿ ಹನಿಸಿದರು. ಸತ್ತ ಚರ್ಮ ತೆಗೆದು ತೊಡೆಯ ಚರ್ಮ ತಂದು ಕೂರಿಸಿದರು. ಕಾಲು ಉಳಿಯಿತು. ಜೂನ್ ಮೊದಲ ವಾರ ಹದ ಮಳೆಯಾಗಿ ಊರೆಲ್ಲ ಹೆಸರು ಬಿತ್ತಿದಾಗ ಅವನು ಹಾಸಿಗೆಯಲ್ಲಿದ್ದ. ಅವನ ಆರು ಎಕರೆ ಆ ಮುಂಗಾರಿನಲ್ಲಿ ಬೀಳು ಬಿತ್ತು. ಹೆಂಡತಿಯ ಬೋರಮಾಳ ಸರ ಒತ್ತೆಗೆ ಹೋಯಿತು.

ಹಾಗಾದರೆ ಏನು ಮಾಡಬೇಕು?

ನೀರು. ಸುಟ್ಟ ಕೂಡಲೆ ತಣ್ಣೀರು, ಇಪ್ಪತ್ತು ನಿಮಿಷ. ಅಂದಾಜಿನ ಇಪ್ಪತ್ತಲ್ಲ, ಗಡಿಯಾರ ನೋಡಿ ಇಪ್ಪತ್ತು. ಸುಟ್ಟ ಮೂರು ತಾಸಿನ ಒಳಗೆ ಹಾಕಿದರೂ ಲಾಭವಿದೆ. ಚರ್ಮದೊಳಗೆ ಉಳಿದ ಶಾಖ ಇಳಿದು, ಗಾಯ ಮತ್ತಷ್ಟು ಆಳಕ್ಕೆ ಹೋಗೋದು ನಿಲ್ಲುತ್ತದೆ. ಯಾವ ಟ್ಯೂಬಿಗೂ ಈ ಗುಣವಿಲ್ಲ.

"ಕುಡಿಯಾಕ ನೀರಿಲ್ಲ, ಇಪ್ಪತ್ತು ನಿಮಿಷ ಎಲ್ಲಿಂದ ಸುರೀಲಿ?" ಅಂತ ನಮ್ಮ ಭಾಗದವರು ಕೇಳಬಹುದು. ತಂಬಿಗೆಯಿಂದ ಸಣ್ಣ ಧಾರೆಯಾಗಿ ಬಿಟ್ಟರೆ ಕೈಯಷ್ಟು ಜಾಗಕ್ಕೆ ಎರಡು ಕೊಡದಲ್ಲಿ ಮುಗಿಯುತ್ತದೆ. ಕೆಳಗೆ ಬುಟ್ಟಿ ಇಟ್ಟರೆ ಆ ನೀರು ಗಿಡಕ್ಕಾಯಿತು. ಅದೂ ಇಲ್ಲದಿದ್ದರೆ ಶುದ್ಧ ನೀರಿನ ಬಕೆಟ್ಟಿನಲ್ಲಿ ಕೈ ಅದ್ದಿ ಹಿಡಿಯಿರಿ, ಇಲ್ಲವೆ ತೋಯಿಸಿದ ಬಟ್ಟೆ ಹಾಕಿ ಆಗಾಗ ಬದಲಿಸಿ. ಐಸ್ ಬೇಡ, ಅದು ಚರ್ಮಕ್ಕೆ ಇನ್ನಷ್ಟು ಪೆಟ್ಟು ಕೊಡುತ್ತದೆ. ಸಣ್ಣ ಮಕ್ಕಳಿಗೆ ಸುಟ್ಟ ಜಾಗಕ್ಕಷ್ಟೇ ನೀರು ಬಿಟ್ಟು ಉಳಿದ ಮೈ ಬೆಚ್ಚಗಿಡಿ. ಬಳೆ, ಉಂಗುರ, ಕಾಲುಂಗುರ, ಗೆಜ್ಜೆಯನ್ನು ಮೊದಲೇ ತೆಗೆಯಿರಿ. ಊದಿಕೊಂಡ ಮೇಲೆ ಬರೋದಿಲ್ಲ.

ಆಮೇಲೆ ಕೈಯನ್ನು ಸೋಪಿನಿಂದ ತೊಳೆದುಕೊಂಡು, ಗಾಯವನ್ನು ಕುಡಿಯುವ ನೀರಿನಿಂದ, ಮೃದುವಾದ ಸೋಪಿನಿಂದ ಮೆಲ್ಲಗೆ ತೊಳೆಯಬೇಕು. ಸಣ್ಣ ಬೊಬ್ಬೆ ಒಡೆಯಬೇಡಿ. ಅದರ ಚರ್ಮದಷ್ಟು ಒಳ್ಳೆಯ ಪಟ್ಟಿ ಅಂಗಡಿಯಲ್ಲಿ ಸಿಗೋದಿಲ್ಲ. ಅಂಟದ ಹಾಗೆ ತೆಳ್ಳಗೆ ಸಾದಾ ವ್ಯಾಸಲಿನ್ ಸವರಿ, ಶುದ್ಧವಾದ ಗಾಜು ಪಟ್ಟಿ ಸಡಿಲವಾಗಿ ಕಟ್ಟಿ. ಗಾಜು ಪಟ್ಟಿ ಇಲ್ಲದಿದ್ದರೆ ಹಳೆಯ ಹತ್ತಿಯ ಧೋತರವನ್ನು ಕುದಿಸಿ, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿ ಬಳಸಬಹುದು. ಹತ್ತಿಯ ಅರಳೆಯನ್ನು ಮಾತ್ರ ನೇರ ಇಡಬೇಡಿ, ಎಳೆ ಅಂಟುತ್ತದೆ. ಪಟ್ಟಿ ತೊಯ್ದರೆ, ಕೊಳೆಯಾದರೆ ಬದಲಿಸಬೇಕು. ಸಗಣಿ, ಗೊಬ್ಬರದ ಕೆಲಸ ಮಾಯುವವರೆಗೆ ಬೇರೆಯವರು ಮಾಡಲಿ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಬಹಳ ವರ್ಷವಾಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿ. ಅದು ಆಂಟಿಬಯೋಟಿಕ್ ಅಲ್ಲ, ಅದಕ್ಕೆ ಹಿಂದೆಮುಂದೆ ನೋಡಬೇಡಿ.

ಶಾಯಿ, ಟೂತ್‌ಪೇಸ್ಟ್, ಕಾಫಿ ಪುಡಿ, ಹಿಟ್ಟು, ಬೆಣ್ಣೆ, ಸಗಣಿ ಇವೆಲ್ಲ ಬೇಡ. ಟ್ಯೂಬು ಬಿಡಿ ಅಂದೆ ಅಂತ ಇವುಗಳ ಕಡೆ ಹೋಗಬಾರದು.

ಹಾಗಂತ ಹಳ್ಳಿಯ ಎಲ್ಲ ಮದ್ದೂ ಹುಸಿಯಲ್ಲ. ಜೇನುತುಪ್ಪ ಹಚ್ಚಿದ ಮೇಲುಮೇಲಿನ ಸುಟ್ಟಗಾಯ ಮಾಮೂಲಿ ಪಟ್ಟಿಗಿಂತ ನಾಲ್ಕೈದು ದಿನ ಮೊದಲೇ ಮಾಯುತ್ತದೆ ಅಂತ 2015ರ ಕಾಕ್ರೇನ್ ವರದಿ ಒಪ್ಪಿದೆ. ಆದರೆ ಆಸ್ಪತ್ರೆಗೆ ಅಂತ ತಯಾರಿಸುವ ಜೇನನ್ನು ವಿಕಿರಣ ಹಾಯಿಸಿ ಶುದ್ಧ ಮಾಡಿರುತ್ತಾರೆ. ನಮ್ಮ ಬೇಲಿಯ ಗೂಡಿನಿಂದ ಹಿಂಡಿದ್ದು ಅಷ್ಟು ಶುದ್ಧವಲ್ಲ, ಪೇಟೆಯ ಬಾಟಲಿಯಲ್ಲಿ ಜೇನು ಎಷ್ಟು, ಪಾಕ ಎಷ್ಟು ಅನ್ನೋದನ್ನು ಜೇನು ಸಾಕುವ ಓದುಗರೇ ಹೇಳಬೇಕು. ಮುಂಬಯಿಯ ವೈದ್ಯರು 1985ರಲ್ಲಿ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು, 2003ರಲ್ಲಿ ಬಾಳೆ ಎಲೆಯನ್ನು ಸುಟ್ಟಗಾಯಕ್ಕೆ ಪಟ್ಟಿಯಾಗಿ ಬಳಸಿದ್ದನ್ನು ಪ್ರಕಟಿಸಿದ್ದಾರೆ. ಎಲೆ ಗಾಯಕ್ಕೆ ಅಂಟೋದಿಲ್ಲ, ಬಿಚ್ಚುವಾಗ ನೋವ ಕಡಿಮೆ, ಖರ್ಚೂ ಇಲ್ಲ. ಅದನ್ನೂ ಆಸ್ಪತ್ರೆಯ ಉಗಿಪಾತ್ರೆಯಲ್ಲಿ ಶುದ್ಧ ಮಾಡಿಯೇ ಬಳಸಿದರು. ಸೀದಾ ಹಿತ್ತಲಿನಿಂದ ಕೊಯ್ದು ಕಟ್ಟುವಂತಿಲ್ಲ. ಎರಡರಲ್ಲೂ ತಿಳಿಯೋದು ಒಂದೇ: ಗಾಯಕ್ಕೆ ಬೇಕಾದ್ದು ತೇವ ಆರದಂಥ, ಅಂಟದಂಥ, ಶುದ್ಧವಾದ ಮುಚ್ಚಿಗೆ.

ದನಗಳ ಕೆಚ್ಚಲು ಬಾವಿಗೆ ಕೊಟ್ಟ ಟ್ಯೂಬಿನಲ್ಲಿ ಉಳಿದದ್ದನ್ನು ಮನುಷ್ಯರ ಗಾಯಕ್ಕೆ ಹಚ್ಚುವವರನ್ನೂ ನೋಡಿದ್ದೇನೆ. ಅದೂ ಆಂಟಿಬಯೋಟಿಕ್ಕೇ. ದನಕ್ಕೆ ಹಾಕಿದಾಗ ಪಶುವೈದ್ಯರು ಹೇಳಿದಷ್ಟು ದಿನ ಹಾಲನ್ನು ಡೈರಿಗೆ ಹಾಕದಿರೋದೂ ಇದೇ ಲೆಕ್ಕಕ್ಕೆ ಸೇರಿದ್ದು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಅನ್ನುವ ಔಷಧಿಯನ್ನು ಕೋಳಿ, ಮೀನು, ಪಶು ಸಾಕಣೆಯಲ್ಲಿ ಬಳಸಬಾರದು ಅಂತ 2019ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದೆ.

ತಡಮಾಡದೆ ವೈದ್ಯರ ಹತ್ತಿರ ಹೋಗಬೇಕಾದ ಸಂದರ್ಭಗಳಿವೆ. ಬೆರಳು ಸಮೇತ ನಮ್ಮ ಅಂಗೈ ನಮ್ಮ ಮೈಯ ನೂರನೇ ಒಂದು ಭಾಗ. ಅದಕ್ಕಿಂತ ದೊಡ್ಡ ಗಾಯ ಇದ್ದರೆ ತೋರಿಸೋದೇ ಒಳ್ಳೆಯದು. ಮುಖ, ಕೈ, ಪಾದ, ಕೀಲು, ಗುಪ್ತಾಂಗದ ಗಾಯ ಎಷ್ಟೇ ಸಣ್ಣದಿದ್ದರೂ ತೋರಿಸಿ. ಸೈಲೆನ್ಸರಿನ ಗಾಯ, ನೋವಿಲ್ಲದ ಬಿಳಿ ಗಾಯ, ಕರೆಂಟಿನ ಗಾಯ, ಆಸಿಡ್ಡಿನ ಗಾಯ, ಕೂಸುಗಳ ಮತ್ತು ಮುದುಕರ ಗಾಯ, ಸಕ್ಕರೆ ಕಾಯಿಲೆಯವರ ಗಾಯ ಇವೂ ಅದೇ ಸಾಲಿಗೆ. ಮನೆಯಲ್ಲೇ ನೋಡಿಕೊಳ್ಳುತ್ತಿರುವ ಗಾಯದಲ್ಲಿ ಎರಡು ಮೂರು ದಿನ ಕಳೆದ ಮೇಲೂ ಕೆಂಪು ಹರಡುತ್ತಿದ್ದರೆ, ಇಳಿಯಬೇಕಾದ ನೋವು ಏರುತ್ತಿದ್ದರೆ, ಕೀವು, ದುರ್ವಾಸನೆ, ಜ್ವರ ಬಂದರೆ, ಬಣ್ಣ ಕಪ್ಪಾದರೆ ಅದು ನಂಜು. ಎರಡು ವಾರವಾದರೂ ಮಾಯದಿದ್ದರೆ ಆಳದ ಗಾಯ ಇರಬಹುದು.

ನಂಜಾದಾಗ ಆಂಟಿಬಯೋಟಿಕ್ ಬೇಕೇ ಬೇಕು. ವೈದ್ಯರು ಕೊಟ್ಟರೆ ಹೇಳಿದಷ್ಟು ಪ್ರಮಾಣ, ಹೇಳಿದಷ್ಟು ದಿನ ತೆಗೆದುಕೊಳ್ಳಿ. ನಾನು ಹೇಳುತ್ತಿರೋದು ಔಷಧಿ ಬಿಡಿ ಅಂತಲ್ಲ, ಬೇಕಾದ ದಿನಕ್ಕೆ ಅದು ನಾಟುವಂತೆ ಉಳಿಸಿಕೊಳ್ಳಿ ಅಂತ. ವೈದ್ಯರು ಸಣ್ಣ ಗಾಯಕ್ಕೆ ಮುಲಾಮು ಬರೆದರೆ "ಇದು ನಂಜಾಗೇತೇನ್ರಿ? ಇಲ್ಲಾಂದ್ರ ಬರೇ ಪಟ್ಟಿ ಸಾಕೇನ್ರಿ?" ಅಂತ ಕೇಳೋದರಲ್ಲಿ ತಪ್ಪಿಲ್ಲ. ಎಷ್ಟೋ ವೈದ್ಯರು ನಾವು ಬೇಸರ ಮಾಡಿಕೊಳ್ಳುತ್ತೇವೆ ಅಂತಲೇ ಬರೆಯುತ್ತಾರೆ, ನಮಗೂ ಟ್ಯೂಬು ಕೈಗೆ ಬರದೆ ಔಷಧ ಮಾಡಿದಂತೆ ಅನಿಸೋದಿಲ್ಲ. ಮಾತ್ರೆಯ ಪಟ್ಟಿಯ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ಚೀಟಿ ಇಲ್ಲದೆ ಕೊಳ್ಳಬಾರದು ಅಂತ ಸರ್ಕಾರ 2016ರಿಂದ ಪ್ರಚಾರ ಮಾಡಿದೆ. ಅಕ್ಷರ ಬಾರದವರಿಗೂ ಗೆರೆ ಕಾಣುತ್ತದೆ.

ನಮ್ಮ ಮನೆಯ ಮಾಡದಲ್ಲಿ ಈಗ ಒಂದು ಬಿಸ್ಕೀಟಿನ ಡಬ್ಬಿ ಇದೆ. ಅದರಲ್ಲಿ ಎರಡು ಸುರುಳಿ ಗಾಜು ಪಟ್ಟಿ, ಅಂಟು ಪಟ್ಟಿ, ಸಾದಾ ವ್ಯಾಸಲಿನ್ನಿನ ಸಣ್ಣ ಡಬ್ಬಿ, ಹೊಸ ಸೋಪು, ಕತ್ತರಿ, ನೋವಿಗೆ ಪ್ಯಾರಾಸಿಟಮಾಲ್ ಇವೆ. ಮುಚ್ಚಳದ ಒಳಗೆ 108 ಅಂತ ಮೊಮ್ಮಗಳು ದೊಡ್ಡದಾಗಿ ಬರೆದು ಅಂಟಿಸಿದ್ದಾಳೆ. ಡಬ್ಬಿಯ ಪಕ್ಕ ಒಂದು ತಂಬಿಗೆ ಇಟ್ಟಿದ್ದೇವೆ.